ನೆರಳು ಅಳೆಯುವ ತರಗತಿ

ಖಗೋಳ, ಕಲೆ, ಪುರಾತತ್ವ ಮೂರನ್ನೂ ಸೇರಿಸಿ ಪದವಿ ವಿದ್ಯಾರ್ಥಿಗಳಿಗೆ ಒಂದೇ ಪತ್ರಿಕೆ ಇಡಬಹುದೇ ಎಂದು ಬೇರೆ ಕಾಲೇಜುಗಳ ಅಧ್ಯಾಪಕರು ಈಚೆಗೆ ಕೇಳುತ್ತಿದ್ದಾರೆ. ಇಡಬಹುದು. ಕರ್ನಾಟಕದಲ್ಲಂತೂ ಇಡಲೇಬೇಕು ಎನ್ನುತ್ತೇನೆ. ಬಸ್ಸು ಹಿಡಿದರೆ ಅರ್ಧ ದಿನದಲ್ಲಿ ಶಾಸನಕ್ಕೋ ಗುಹೆಗೋ ನಿಲುವುಗಲ್ಲಿಗೋ ತಲುಪದ ಕಾಲೇಜು ನಮ್ಮಲ್ಲಿ ಕಡಿಮೆ. 2021ರಲ್ಲಿ ಮುಕ್ತ ಆಯ್ಕೆಯ ಪತ್ರಿಕೆಗಳು ಬಂದಾಗ ಇಂಥದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಸಿಕ್ಕಿತು. ಆಮೇಲೆ ಪಠ್ಯಕ್ರಮದ ಚೌಕಟ್ಟು ಬದಲಾಯಿತು. ಆದರೂ ಆಯ್ಕೆಯ ವಿಷಯವಾಗಿಯೋ ಸರ್ಟಿಫಿಕೇಟ್ ಕೋರ್ಸಾಗಿಯೋ ನಡೆಸಲು ದಾರಿ ಇದ್ದೇ ಇದೆ.

ನಾನು ಭೌತಶಾಸ್ತ್ರ ಕಲಿಸುವವನು. ಇತಿಹಾಸ ವಿಭಾಗದ ಒಬ್ಬ ಸಹೋದ್ಯೋಗಿ ಮತ್ತು ಒಬ್ಬ ಚಿತ್ರಕಲಾ ಅಧ್ಯಾಪಕಿಯ ಜೊತೆ ಸೇರಿ ಈ ಪಾಠ ಮಾಡುತ್ತ ಬಂದಿದ್ದೇನೆ. ಬಿ.ಎಸ್‌ಸಿ., ಬಿ.ಎ., ಬಿ.ಕಾಂ. ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲಿ ಎಂದು, ಕಲಿಸುತ್ತಾ ನಾನು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಮೂರು ವಿಷಯಗಳಿಂದ ಶುರು ಮಾಡಬೇಡಿ, ಒಂದು ಜಾಗದಿಂದ ಶುರು ಮಾಡಿ

ಮೊದಲ ಐದು ವಾರ ಖಗೋಳ, ಮುಂದಿನ ಐದು ವಾರ ಶಿಲ್ಪ, ಕೊನೆಗೆ ಉತ್ಖನನ ಎಂದು ಹಂಚಿಕೊಂಡರೆ ಮೂರು ಅರೆಬರೆ ಪತ್ರಿಕೆಗಳಾಗುತ್ತವೆ. ಮಕ್ಕಳ ತಲೆಯಲ್ಲಿ ಅವು ಒಂದಕ್ಕೊಂದು ಸೇರುವುದೇ ಇಲ್ಲ. ಅದಕ್ಕೆ ನಾವು ಒಂದು ಜಾಗವನ್ನು ಮುಂದಿಟ್ಟು ಮೂವರೂ ಅದರ ಸುತ್ತ ನಿಲ್ಲುತ್ತೇವೆ. ನಮ್ಮ ಮೊದಲ ಜಾಗ ಬಾದಾಮಿಯ ಮೂರನೆಯ ಗುಹೆ.

ಅಲ್ಲಿನ ಶಾಸನದಲ್ಲಿ ದಿನಾಂಕವಿದೆ. ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷ, ಶಕ 500, ಕಾರ್ತಿಕ ಹುಣ್ಣಿಮೆ. ಆ ದಿನ ಅವನ ತಮ್ಮ ಮಂಗಳೇಶ ಗುಹೆಯನ್ನು ವಿಷ್ಣುವಿಗೆ ಮುಡಿಪಾಗಿಟ್ಟ. ಶಕಕ್ಕೆ 78 ಕೂಡಿಸಿದರೆ 578. ಹುಣ್ಣಿಮೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ದಿನದ ಆಸುಪಾಸಿನಲ್ಲಿ ಬರುತ್ತದೆ. ಸ್ಟೆಲ್ಲೇರಿಯಮ್ ಎಂಬ ಉಚಿತ ತಂತ್ರಾಂಶದಲ್ಲಿ ಬಾದಾಮಿಯನ್ನೂ ಆ ದಿನವನ್ನೂ ಕೊಟ್ಟು ಸಂಜೆಯ ಪೂರ್ವ ದಿಕ್ಕನ್ನು ತೋರಿಸಿದರೆ, ತುಂಬು ಚಂದ್ರ ಕೃತ್ತಿಕೆಯ ಹತ್ತಿರವೇ ಏಳುತ್ತಾನೆ. ಕಾರ್ತಿಕ ಮಾಸಕ್ಕೆ ಹೆಸರು ಎಲ್ಲಿಂದ ಬಂತೆಂದು ಹಲಗೆಯ ಮೇಲೆ ಬರೆದು ವಿವರಿಸುವ ಕೆಲಸ ಅಲ್ಲಿಗೆ ಮುಗಿಯಿತು. ಶಾಸನ ಕೊರೆದವನು ನೋಡಿದ ಚಂದ್ರನನ್ನೇ ತರಗತಿಯೂ ನೋಡುತ್ತದೆ.

ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ಹಾಗಾದರೆ ಆ ಚಂದ್ರನ ಬೆಳಕು ಗುಹೆಯೊಳಗೆ ಬೀಳುತ್ತಿತ್ತಾ?" ಇಲ್ಲ. ಗುಹೆ ಉತ್ತರಕ್ಕೆ ಮುಖ ಮಾಡಿದೆ, ಅಗಸ್ತ್ಯತೀರ್ಥದ ಕಡೆಗೆ. ಬಂಡೆಯ ಮುಖ ಇದ್ದ ಕಡೆಗೆ ಕೊರೆದರು. ಆಕಾಶವನ್ನು ಲೆಕ್ಕದಲ್ಲಿ ಹಿಡಿದವರು ಕಟ್ಟಡದ ದಿಕ್ಕಿನಲ್ಲೂ ಅದನ್ನು ಹಿಡಿದಿರಲೇಬೇಕು ಎಂದೇನೂ ಇಲ್ಲ. ಈ ಪತ್ರಿಕೆಯಲ್ಲಿ ವಿದ್ಯಾರ್ಥಿ ಮೊದಲು ಅರಿಯಬೇಕಾದದ್ದು ಇದನ್ನೇ. ಖಗೋಳದವನ ಉತ್ಸಾಹವನ್ನು ಬಂಡೆ ಬಲ್ಲವರು ತಡೆದು ಕೇಳಬೇಕು, ಶಿಲ್ಪ ಬಲ್ಲವರ ವರ್ಣನೆಯನ್ನು ಶಾಸನ ಓದಿದವರು ತಡೆದು ಕೇಳಬೇಕು. ಮೂವರು ಅಧ್ಯಾಪಕರು ಒಂದೇ ಹೊತ್ತಿನಲ್ಲಿ ತರಗತಿಯಲ್ಲಿ ಇರಬೇಕು ಎಂದು ನಾನು ಪ್ರಾಂಶುಪಾಲರ ಬಳಿ ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. ನಾವು ಮಕ್ಕಳ ಮುಂದೆಯೇ ಒಬ್ಬರ ಮಾತನ್ನೊಬ್ಬರು ಪ್ರಶ್ನಿಸುತ್ತೇವೆ. ಅವರು ಅದನ್ನು ನೋಡಿ ಕಲಿಯುವಷ್ಟು ನಮ್ಮ ಉಪನ್ಯಾಸದಿಂದ ಕಲಿಯುವುದಿಲ್ಲ.

ಅದೇ ಗುಹೆಯ ಸೂರಿನಂಚಿನಲ್ಲಿ ಬಣ್ಣದ ಚಿತ್ರಗಳ ಮಾಸಿದ ತುಣುಕುಗಳು ಉಳಿದಿವೆ. ನಮ್ಮ ಚಿತ್ರಕಲಾ ಅಧ್ಯಾಪಕಿ ಅಲ್ಲಿ ಹೊತ್ತುಗಟ್ಟಲೆ ನಿಲ್ಲುತ್ತಾರೆ. ಉತ್ತರಕ್ಕೆ ಮುಖವಾಗಿದ್ದುದರಿಂದ ನೇರ ಬಿಸಿಲು ಕಡಿಮೆ ತಾಗಿ ಬಣ್ಣ ಇಷ್ಟಾದರೂ ಉಳಿದಿರಬಹುದೇ ಎಂಬುದು ಅವರು ಮಕ್ಕಳ ಮುಂದಿಡುವ ಪ್ರಶ್ನೆ. ಉತ್ತರ ಹೇಳಬೇಕಾದರೆ ಆ ಅಕ್ಷಾಂಶದಲ್ಲಿ ಸೂರ್ಯ ಯಾವ ತಿಂಗಳುಗಳಲ್ಲಿ ನಡುನೆತ್ತಿಯಿಂದ ಉತ್ತರಕ್ಕೆ ಸರಿಯುತ್ತಾನೆಂದು ಲೆಕ್ಕ ಹಾಕಬೇಕು.

2. ದಿಕ್ಸೂಚಿಗಿಂತ ಮೊದಲು ಶಂಕು

ಮೊಬೈಲಿನ ದಿಕ್ಸೂಚಿ ಕಬ್ಬಿಣದ ಗೇಟಿನ ಹತ್ತಿರ ಒಂದು ಹೇಳುತ್ತದೆ, ಹತ್ತು ಹೆಜ್ಜೆ ಆಚೆ ಇನ್ನೊಂದು ಹೇಳುತ್ತದೆ. ಒಳ್ಳೆಯ ದಿಕ್ಸೂಚಿಯೂ ತೋರಿಸುವುದು ಕಾಂತೀಯ ಉತ್ತರವನ್ನು. ಅದಕ್ಕೂ ನಿಜವಾದ ಉತ್ತರಕ್ಕೂ ನಮ್ಮಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸವಿದೆ. ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ ಎಂದ ಮೇಲೆ ಇದು ಸಣ್ಣ ವ್ಯತ್ಯಾಸವಲ್ಲ.

ಹೀಗಾಗಿ ನಮ್ಮ ಮೊದಲ ಪ್ರಯೋಗ ಕಾಲೇಜಿನ ಮೈದಾನದಲ್ಲಿ ನಡೆಯುತ್ತದೆ. ನೆಟ್ಟಗೆ ಒಂದು ಕೋಲು, ಅಂದರೆ ಶಂಕು, ನಿಲ್ಲಿಸಿ, ಗಾರೆಯವರ ತೂಗುಗುಂಡಿನಿಂದ ಅದು ನೆಟ್ಟಗಿದೆಯೇ ನೋಡಿ, ಸುತ್ತ ದಾರದಿಂದ ವೃತ್ತ ಎಳೆಯುತ್ತೇವೆ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಬಿಂದು, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಬಿಂದು, ಎರಡನ್ನೂ ಗುರುತಿಸಿ ಸೇರಿಸಿದರೆ ಪೂರ್ವ ಪಶ್ಚಿಮ ರೇಖೆ ಸಿಗುತ್ತದೆ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಹೇಳಿರುವುದು ಇದನ್ನೇ, ಮಯಮತದಂಥ ವಾಸ್ತುಗ್ರಂಥಗಳಲ್ಲಿ ದೇಗುಲಕ್ಕೆ ಪಾಯ ಹಾಕುವ ಮೊದಲು ಮಾಡಬೇಕಾದದ್ದೂ ಇದೇ. ಸ್ಥಪತಿಯ ಕೈಯಲ್ಲಿದ್ದ ಉಪಕರಣದಿಂದಲೇ ಸ್ಥಪತಿ ಕಟ್ಟಿದ್ದನ್ನು ಅಳೆಯಲು ಹೊರಟಿದ್ದೇವೆ ಎಂದು ತಿಳಿದಾಗ ಬಿ.ಎ. ಮಕ್ಕಳ ಮುಖದಲ್ಲಿನ ಗಣಿತದ ಭಯ ಕಡಿಮೆಯಾಗುತ್ತದೆ. ನಾನು ಬಲ್ಲ ಉಪಾಯಗಳಲ್ಲಿ ಇಷ್ಟು ಕೆಲಸ ಮಾಡುವುದು ಬೇರೆ ಇಲ್ಲ.

ವರ್ಷಕ್ಕೆರಡು ಬಾರಿ ನಡುಹಗಲಲ್ಲಿ ಅದೇ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ನಿಮ್ಮ ಊರಿನ ದಿನವನ್ನು ಮಕ್ಕಳೇ ಲೆಕ್ಕ ಹಾಕಲಿ.

3. ಹೊರದೇಶದ ಪುಸ್ತಕದ ಕೋನಗಳನ್ನು ಹಾಗೆಯೇ ತರಬೇಡಿ

ಈ ವಿಷಯದ ಇಂಗ್ಲಿಷ್ ಪುಸ್ತಕಗಳಲ್ಲಿ ಸ್ಟೋನ್‌ಹೆಂಜ್ ಬರದ ಅಧ್ಯಾಯವೇ ಇಲ್ಲ. ಆ ಶಿಲಾವೃತ್ತ ಇರುವುದು ಇಂಗ್ಲೆಂಡಿನಲ್ಲಿ, 51 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಜೂನ್ ಅಯನದ ಸೂರ್ಯ ನೇರ ಪೂರ್ವದಿಂದ ಸುಮಾರು 40 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ನಮ್ಮಲ್ಲಿ, 13ರಿಂದ 16 ಡಿಗ್ರಿ ಅಕ್ಷಾಂಶದ ನಡುವೆ, ಅದು ಬರೀ 24. ಅಂದರೆ ಇಡೀ ವರ್ಷದ ಸೂರ್ಯೋದಯಗಳು 48 ಡಿಗ್ರಿಯೊಳಗೆ ಮುಗಿದುಹೋಗುತ್ತವೆ.

ಇನ್ನೊಂದು ವ್ಯತ್ಯಾಸವನ್ನು ನಮ್ಮ ಅಧ್ಯಾಪಕರೂ ಗಮನಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಸೂರ್ಯ ಓರೆಯಾಗಿ ಏರುತ್ತಾನೆ, ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ. ದಿಗಂತದಲ್ಲಿ ಒಂದು ಡಿಗ್ರಿ ಎತ್ತರದ ಗುಡ್ಡ ಅಡ್ಡ ಬಂದರೆ ಅಲ್ಲಿ ಸೂರ್ಯ ಕಾಣುವ ಜಾಗ ಒಂದು ಡಿಗ್ರಿಗಿಂತ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ, ನಮ್ಮಲ್ಲಿ ಕಾಲು ಡಿಗ್ರಿಯಷ್ಟು. ಹಂಪಿಯಂಥ ಬಂಡೆಗುಡ್ಡಗಳ ನಡುವೆ ಅಳೆಯುವವರಿಗೆ ಇದು ದೊಡ್ಡ ಅನುಕೂಲ. ಪುಸ್ತಕದ ಎಚ್ಚರಿಕೆಗಳನ್ನೆಲ್ಲ ಓದಿ ಹೆದರಿದ ವಿದ್ಯಾರ್ಥಿಗೆ ಹೇಳಿ: ಸೂತ್ರ ಅದೇ, ಅಕ್ಷಾಂಶ ನಮ್ಮದು.

4. ಬೆಳಕು ಬೀಳುವ ದಿನಕ್ಕೆ ಒಂದು ಜೋಡಿ ದಿನ ಇರುತ್ತದೆ

ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ಅದನ್ನು ಮಕ್ಕಳಿಗೆ ತೋರಿಸಿ, ಭಕ್ತರ ಸಂಭ್ರಮದ ನಡುವೆಯೇ ನಿಂತು ನೋಡಲಿ. ಮರುದಿನ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ: ಜನವರಿ 14ರಂದು ಸೂರ್ಯ ಮುಳುಗುವ ದಿಕ್ಕಿನಲ್ಲೇ ಇನ್ನೊಮ್ಮೆ ಯಾವಾಗ ಮುಳುಗುತ್ತಾನೆ?

ಡಿಸೆಂಬರ್ 21ರ ಅಯನದಿಂದ ಜನವರಿ 14ಕ್ಕೆ 24 ದಿನ. ಅಷ್ಟೇ ದಿನ ಹಿಂದೆ ಎಣಿಸಿದರೆ ನವೆಂಬರ್ 27. ಹೌದು, ನವೆಂಬರ್ ಕೊನೆಯ ವಾರದಲ್ಲೂ ಅದೇ ಕಿರಣ ಅದೇ ಲಿಂಗದ ಮೇಲೆ ಬೀಳುತ್ತದೆ. ಬೆಂಗಳೂರಿನ ತಾರಾಲಯದಲ್ಲಿದ್ದ ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಅವರ ಅಧ್ಯಯನ ಇದನ್ನು ದಾಖಲಿಸಿದೆ. ಥಾಮಸ್ ಮತ್ತು ವಿಲಿಯಂ ಡೇನಿಯಲ್ ಹದಿನೆಂಟನೆಯ ಶತಮಾನದ ಕೊನೆಗೆ ಬಿಡಿಸಿದ ಈ ಗುಡಿಯ ಚಿತ್ರಗಳನ್ನು ಇಂದಿನ ಕಟ್ಟಡದ ಪಕ್ಕದಲ್ಲಿಟ್ಟು ನೋಡಿದಾಗ, ಆಮೇಲೆ ಎದ್ದ ಗೋಡೆಗಳು ಬೆಳಕಿನ ದಾರಿಯನ್ನು ಬದಲಿಸಿರುವುದೂ ತಿಳಿದುಬರುತ್ತದೆ. ಒಂದು ಚಿತ್ರ, ಒಂದು ಗೋಡೆ, ಒಂದು ಕೋನ. ಈ ಪತ್ರಿಕೆಯ ಮೂರೂ ವಿಷಯಗಳು ಒಂದೇ ಅಂಗಳದಲ್ಲಿ ಹೀಗೆ ಕೂಡುವ ಜಾಗ ರಾಜ್ಯದಲ್ಲಿ ನನಗೆ ಇನ್ನೊಂದು ಗೊತ್ತಿಲ್ಲ.

ಇಲ್ಲಿಗೆ ನಿಲ್ಲಿಸಬೇಡಿ. ಮಕರ ಸಂಕ್ರಾಂತಿಯೂ ಉತ್ತರಾಯಣದ ಆರಂಭವೂ ಕೂಡಿ ಬರುತ್ತಿದ್ದದ್ದು ಮೂರನೆಯ ಶತಮಾನದ ಕೊನೆಯ ಹೊತ್ತಿಗೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವ ಅಯನಚಲನೆಯಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅವು ದೂರವಾಗುತ್ತ ಬಂದಿವೆ. ಈ ಗುಡಿಯ ಜೊತೆ ಹೆಸರು ಕೇಳಿಬರುವ ಕೆಂಪೇಗೌಡರ ಕಾಲದಲ್ಲಿ ಅಂತರ 17, 18 ದಿನ, ಇಂದು 24. ಅಂದಿನ ಸಂಕ್ರಾಂತಿಯ ಸೂರ್ಯನಿಗೂ ಇಂದಿನ ಸಂಕ್ರಾಂತಿಯ ಸೂರ್ಯನಿಗೂ ಆಕಾಶದಲ್ಲಿ ಸುಮಾರು ಒಂದು ಡಿಗ್ರಿ, ಅಂದರೆ ಎರಡು ಸೂರ್ಯಬಿಂಬದಷ್ಟು ಅಂತರ. ಕಿರಣ ಒಳಬರುವ ಕಿಂಡಿಯನ್ನು ಸಂಕ್ರಾಂತಿಗೆಂದೇ ಕೆತ್ತಿದ್ದರೆ ಅಂದು ಬೆಳಕು ಎಲ್ಲಿ ಬೀಳುತ್ತಿತ್ತು? ಇದು ನಮ್ಮ ಪತ್ರಿಕೆಯಲ್ಲಿ ಮಕ್ಕಳು ಅತಿ ಹೆಚ್ಚು ಹೊತ್ತು ತೆಗೆದುಕೊಳ್ಳುವ ಪ್ರಶ್ನೆ. ಅವಸರ ಮಾಡಬೇಡಿ.

ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ಆಮೇಲೆ ಕೈಗೆತ್ತಿಕೊಳ್ಳುತ್ತೇವೆ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬದ ಮೇಲೆ ಆ ತಿಂಗಳ ಬೆಳಗಿನ ಕಿರಣ ಬೀಳುತ್ತದೆ ಎಂಬ ಮಾತು ಪ್ರಸಿದ್ಧ. ಉತ್ತರಕ್ಕೆ ಹೋಗುವಾಗ ದಾಟಿದ ಜಾಗಗಳನ್ನೇ ಸೂರ್ಯ ದಕ್ಷಿಣಕ್ಕೆ ಬರುವಾಗಲೂ ದಾಟುತ್ತಾನೆ. ಹಾಗಾದರೆ ಬರೀ ಸೂರ್ಯೋದಯದ ದಿಕ್ಕಿನಿಂದ ಹನ್ನೆರಡು ತಿಂಗಳುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ಇದನ್ನು ಪರೀಕ್ಷಿಸಲು ಯಾವ ದಿನಗಳಲ್ಲಿ, ಯಾವ ಹೊತ್ತಿನಲ್ಲಿ, ಏನನ್ನು ದಾಖಲಿಸಬೇಕು? ಮಕ್ಕಳು ಯೋಜನೆ ಬರೆಯಬೇಕು. ತೀರ್ಪು ಬರೆಯುವಂತಿಲ್ಲ. ಆ ಕಂಬಗಳನ್ನು ಕಡೆದವರ ಮೇಲಿನ ಗೌರವವನ್ನು ತೋರಿಸಲು ಅವರು ಏನು ಮಾಡಿದ್ದಾರೆಂದು ಸರಿಯಾಗಿ ತಿಳಿಯುವುದಕ್ಕಿಂತ ಒಳ್ಳೆಯ ದಾರಿ ನನಗೆ ತೋರಿಲ್ಲ.

5. ನಿಮ್ಮ ಬೀದಿಯ ಬಾಗಿಲುಗಳನ್ನೂ ಅಳೆಯಿರಿ

ಕಣ್ಣು ಮುಚ್ಚಿ ನೆಲದ ಮೇಲೆ ಒಂದು ಗೆರೆ ಎಳೆದರೂ ಅದರ ಒಂದು ತುದಿ ವರ್ಷದ ಯಾವುದೋ ಒಂದು ದಿನದ ಸೂರ್ಯೋದಯಕ್ಕೆ ಎದುರಾಗುವ ಸಾಧ್ಯತೆ ನಮ್ಮ ಅಕ್ಷಾಂಶದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. 180ರಲ್ಲಿ 48. ಇನ್ನು ಪೂರ್ವಾಭಿಮುಖವಾಗಿಯೇ ಕಟ್ಟಿದ ಗುಡಿಯಲ್ಲಿ ಯಾವುದೋ ದಿನ ಗರ್ಭಗುಡಿಗೆ ಬೆಳಕು ಬಿದ್ದೇ ಬೀಳುತ್ತದೆ. ಆ ದಿನದ ಹತ್ತಿರ ಒಂದು ಹಬ್ಬವೂ ಸಿಗುತ್ತದೆ, ನಮ್ಮ ಪಂಚಾಂಗದಲ್ಲಿ ಹಬ್ಬಗಳಿಗೆ ಬರವಿಲ್ಲ.

ಗುಡಿಗೆ ಹೋಗುವ ಮೊದಲು ಪ್ರತಿ ವಿದ್ಯಾರ್ಥಿಯೂ ತನ್ನ ಬೀದಿಯ ಮನೆಗಳ ಮುಂಬಾಗಿಲ ದಿಕ್ಕನ್ನು ಅಳೆದು ತರಬೇಕು. ಎಷ್ಟು ಬಾಗಿಲುಗಳು ಅಯನದ ಸೂರ್ಯೋದಯಕ್ಕೆ, ಎಷ್ಟು ಯುಗಾದಿಯ ಸೂರ್ಯೋದಯಕ್ಕೆ ಹೊಂದುತ್ತವೆ ಎಂದು ಪಟ್ಟಿ ಮಾಡಿದಾಗ, ಬಡಾವಣೆಯ ನಕ್ಷೆ ಮಾಡಿದವರು ಖಗೋಳಜ್ಞರೆಂದು ಯಾರೂ ವಾದಿಸುವುದಿಲ್ಲ. ಬಿ.ಕಾಂ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಗೊತ್ತು, ಈ ಭಾಗವನ್ನು ಅವರೇ ಮುಂದೆ ನಿಂತು ನಡೆಸಿಕೊಡುತ್ತಾರೆ. ಅಯನದ ಆಸುಪಾಸಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಅಯನದ ಹಿಂದುಮುಂದಿನ ಐದೈದು ದಿನಗಳಲ್ಲಿ ಸೂರ್ಯ ಹುಟ್ಟುವ ಜಾಗ ಸರಿಯುವುದು ಸುಮಾರು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಸರಿಯಾಗಿ ಡಿಸೆಂಬರ್ 21ಕ್ಕೇ ಹೊಂದುತ್ತದೆ ಎಂದು ಯಾರಾದರೂ ಹೇಳಿದರೆ, ಅದನ್ನು 20ರಿಂದ ಬೇರ್ಪಡಿಸಿದ್ದು ಹೇಗೆ ಎಂದು ಕೇಳಬೇಕು.

ಒಂದು ಹೊಂದಾಣಿಕೆಯನ್ನು ನಂಬಬೇಕಾದರೆ ಕೋನದ ಹೊರಗಿನ ಸಾಕ್ಷಿಯೂ ಬೇಕು. ಹಂಪಿಯ ಹಜಾರರಾಮ ದೇಗುಲದ ಪ್ರಾಕಾರದಿಂದ ಉತ್ತರಕ್ಕೆ ನೋಡಿದರೆ ಮಾತಂಗ ಬೆಟ್ಟದ ತುದಿಯ ವೀರಭದ್ರ ಗುಡಿ ಕಾಣುತ್ತದೆ. ಜಾನ್ ಮ್ಯಾಕಿಮ್ ಮಾಲ್ವಿಲ್ ಮತ್ತು ಜಾನ್ ಫ್ರಿಟ್ಜ್ ಈ ಉತ್ತರ ದಕ್ಷಿಣ ರೇಖೆಯನ್ನು ಅಳೆದು, ಅದು ಬೇಕೆಂದೇ ಹೊಂದಿಸಿದ್ದೆಂದು ಬರೆದಿದ್ದಾರೆ. ಅವರ ವಾದಕ್ಕೆ ತೂಕ ಬಂದದ್ದು ಆ ರೇಖೆ ಅರಮನೆಯ ಆವರಣ, ರಸ್ತೆ, ದ್ವಾರಗಳ ವಿನ್ಯಾಸದೊಂದಿಗೂ ಹೊಂದುವುದರಿಂದ. ಅದೇ ಹಂಪಿಯಲ್ಲಿ ವಿರೂಪಾಕ್ಷ ಗೋಪುರದ ತಲೆಕೆಳಗಾದ ಬಿಂಬವನ್ನೂ ತೋರಿಸಿ. ಸಣ್ಣ ರಂಧ್ರದ ಮೂಲಕ ಬೆಳಕು ಹಾದು ಗೋಡೆಯ ಮೇಲೆ ಚಿತ್ರ ಮೂಡುವುದು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಅದನ್ನು ಉದ್ದೇಶಪಟ್ಟು ಮಾಡಿದರೇ ಎಂಬ ಪ್ರಶ್ನೆಯನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ.

6. ಚಿತ್ರ ಬಿಡಿಸುವುದನ್ನು ಅಲಂಕಾರವೆಂದು ತಿಳಿಯಬೇಡಿ

ಮೊಬೈಲಿನಲ್ಲಿ ಫೋಟೋ ತೆಗೆದವರು ಅರ್ಧ ನಿಮಿಷದಲ್ಲಿ ಮುಂದೆ ಹೋಗುತ್ತಾರೆ. ಪೆನ್ಸಿಲ್ ಹಿಡಿದವರು ಅಲ್ಲೇ ಕೂರುತ್ತಾರೆ. ಬಾದಾಮಿಯ ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈಗಳು. ಬರೆದವರಿಗೆ ಮಾತ್ರ ಪ್ರತಿ ಕೈಯೂ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆಂದು ಗೊತ್ತು. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ ಒಳಛಾವಣಿಯ ನಡುವೆ ಶಿವ ಕುಣಿಯುತ್ತಾನೆ, ಸುತ್ತ ಎಂಟು ದಿಕ್ಪಾಲಕರು. ಮೇಲೆ ನೋಡಿ ನಕ್ಷೆ ಬರೆದುಕೊಂಡ ವಿದ್ಯಾರ್ಥಿ ಪ್ರತಿ ದಿಕ್ಪಾಲಕ ನಿಜವಾಗಿಯೂ ತನ್ನ ದಿಕ್ಕಿನಲ್ಲೇ ಇದ್ದಾನೆಯೇ ಎಂದು ಪರೀಕ್ಷಿಸಬಹುದು. ತಲೆಯ ಮೇಲಿನ ನಕ್ಷೆಯನ್ನು ಹಾಳೆಗೆ ಇಳಿಸುವಾಗ ಪೂರ್ವ ಪಶ್ಚಿಮ ಅದಲುಬದಲಾಗುತ್ತವೆ, ಆಕಾಶದ ನಕ್ಷೆಯಲ್ಲೂ ಹಾಗೇ. ಆ ಗೊಂದಲವನ್ನು ಕೈಯಾರೆ ಬಿಡಿಸಿಕೊಂಡವರು ನಕ್ಷತ್ರಪಟವನ್ನು ಮತ್ತೆ ತಪ್ಪಾಗಿ ಹಿಡಿಯುವುದಿಲ್ಲ.

ಸೋಮನಾಥಪುರದ ಹದಿನಾರು ಮೂಲೆಗಳ ನಕ್ಷತ್ರಾಕಾರದ ತಳವಿನ್ಯಾಸವನ್ನು ನೋಡಿದ ಕೂಡಲೇ ಮಕ್ಕಳು ಅದಕ್ಕೂ ಆಕಾಶಕ್ಕೂ ನಂಟು ಕಟ್ಟಲು ಹೋಗುತ್ತಾರೆ. ನಾವು ಅವರ ಕೈಗೆ ಹಗ್ಗ, ಗೂಟ, ರಂಗೋಲಿ ಪುಡಿ ಕೊಟ್ಟು ಮೈದಾನಕ್ಕೆ ಕಳಿಸುತ್ತೇವೆ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತಾ ಎಳೆದರೆ ಹದಿನಾರು ಮೂಲೆಗಳೂ ಮೂಡುತ್ತವೆ. ಅದು ಶಿಲ್ಪಿಯ ರೇಖಾಗಣಿತ. ಅದರ ಸೊಬಗಿಗೆ ತಾರೆಗಳ ನೆರವು ಬೇಕಿಲ್ಲ.

ವೀರಗಲ್ಲುಗಳ, ದಾನಶಾಸನಗಳ ತಲೆಯ ಮೇಲೆ ಸೂರ್ಯ ಚಂದ್ರರು ಇರುತ್ತಾರಲ್ಲ, ಅದನ್ನೂ ಹೊಸಬರು ಗ್ರಹಣದ ದಾಖಲೆ ಎಂದೇ ಓದುತ್ತಾರೆ. ಹತ್ತಿಪ್ಪತ್ತು ಕಲ್ಲುಗಳನ್ನು ಬರೆದು ಸಾಲಾಗಿ ಗೋಡೆಗೆ ಅಂಟಿಸಿ. ಎಲ್ಲದರ ಮೇಲೂ ಅದೇ ಜೋಡಿ, ಅದೇ ಬಿದಿಗೆಯ ಚಂದ್ರ. ಸೂರ್ಯಚಂದ್ರರಿರುವವರೆಗೆ ಈ ದಾನ, ಈ ಹೆಸರು ನಿಲ್ಲಲಿ ಎಂಬ ಹಾರೈಕೆ ಅದು. ಒಂದು ಕಲ್ಲನ್ನು ಮಾತ್ರ ನೋಡಿದವರಿಗೆ ಇದು ತಿಳಿಯುವುದಿಲ್ಲ.

7. ಶಾಸನದ ದಿನಾಂಕ ಹೊಂದದಿದ್ದರೆ ಹೊಂದದೆಂದೇ ಬರೆಯಿರಿ

ಎಪಿಗ್ರಾಫಿಯಾ ಕರ್ನಾಟಿಕಾದ ನಿಮ್ಮ ತಾಲ್ಲೂಕಿನ ಸಂಪುಟವನ್ನು ಗ್ರಂಥಾಲಯಕ್ಕೆ ತರಿಸಿಕೊಳ್ಳಿ. ಬಿ.ಎಲ್. ರೈಸ್ ಶುರು ಮಾಡಿದ ಈ ಕೆಲಸದ ಫಲ ಕಾಲೇಜುಗಳ ಕಪಾಟಿನಲ್ಲಿ ಇಲ್ಲದಿರುವುದು ನನಗೆ ನೋವಿನ ಸಂಗತಿ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಕೆಲವೊಮ್ಮೆ ಗ್ರಹಣ ಅಥವಾ ಸಂಕ್ರಮಣ. ಇಷ್ಟು ವಿವರಗಳನ್ನು ಒಟ್ಟಿಗೆ ಕೊಡುವ ಶಾಸನ ಸಿಕ್ಕರೆ ಅವು ಒಂದಕ್ಕೊಂದು ಸಾಕ್ಷಿ ಹೇಳಬೇಕು. ಬಹಳ ಸಲ ಹೇಳುವುದಿಲ್ಲ. ಶಕವರ್ಷ ಗತವೋ ವರ್ತಮಾನವೋ ಎಂಬಲ್ಲಿ ಒಂದು ವರ್ಷ ಹೋಗುತ್ತದೆ, ವಾರ ಒಂದು ದಿನ ಆಚೀಚೆಯಾಗುತ್ತದೆ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನೂ ತಂತ್ರಾಂಶವನ್ನೂ ಎರಡನ್ನೂ ಬಳಸಿ ನೋಡಬೇಕು. 1582ಕ್ಕೆ ಹಿಂದಿನ ದಿನಾಂಕಗಳನ್ನು ತಂತ್ರಾಂಶ ಜೂಲಿಯನ್ ಪಂಚಾಂಗದಲ್ಲಿ ತೋರಿಸುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿ. ಹೊಯ್ಸಳರ ಕಾಲದ ಉತ್ತರಾಯಣ ಸಂಕ್ರಮಣ ಡಿಸೆಂಬರ್ 25ರ ಸುಮಾರಿಗೆ ಬಂದಾಗ ಮಕ್ಕಳು ಗಾಬರಿಯಾಗುತ್ತಾರೆ.

ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯ ಶಾಸನ ಎರಡು ಲೆಕ್ಕ ಕೊಡುತ್ತದೆ: ಶಕ 556, ಮತ್ತು ಭಾರತ ಯುದ್ಧದಿಂದ 3735 ವರ್ಷ. ಕಳೆದರೆ 3179. ಅದೇ ಹೊತ್ತಿಗೆ ಮನೆಯ ಪಂಚಾಂಗ ತೆರೆದು ಈ ವರ್ಷದ ಕಲಿಗತದಿಂದ ಶಕವರ್ಷವನ್ನು ಕಳೆಯಲು ಹೇಳಿ. ಉತ್ತರ 3179 ಬಂದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. 634ರಿಂದ ಇಂದಿನವರೆಗೆ ಲೆಕ್ಕದ ಒಂದೇ ಎಳೆ ಕಡಿಯದೆ ಬಂದಿದೆ. ಇತಿಹಾಸದ ನಮ್ಮ ಸಹೋದ್ಯೋಗಿ ಅಲ್ಲಿ ಮಾತು ಸೇರಿಸುತ್ತಾರೆ: ಇದು ಏಳನೆಯ ಶತಮಾನದಲ್ಲಿ ಜನ ಹೇಗೆ ಎಣಿಸುತ್ತಿದ್ದರು ಎಂಬುದಕ್ಕೆ ಸಾಕ್ಷಿ, ಯುದ್ಧ ಯಾವಾಗ ನಡೆಯಿತು ಎಂಬುದಕ್ಕೆ ಅಲ್ಲ.

ಗ್ರಹಣದ ಶಾಸನಗಳಿಗೆ ಬಿ.ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರ 'ಹಿಸ್ಟರಿ ಆಫ್ ದಿ ಸ್ಕೈ ಆನ್ ಸ್ಟೋನ್ಸ್' ಒಳ್ಳೆಯ ಕೈಪಿಡಿ. ಗ್ರಹಣ ಎಂದು ಬರೆದ ಮಾತ್ರಕ್ಕೆ ಆ ಊರಿನಲ್ಲಿ ಅದು ಕಂಡಿತ್ತೆಂದಲ್ಲ, ಪಂಚಾಂಗದ ಲೆಕ್ಕದಿಂದಲೂ ದಾನ ಕೊಡಬಹುದಿತ್ತು. ಇದರ ಜೊತೆಗೆ ನಾವು ಒಂದು ಮನೆಗೆಲಸ ಕೊಡುತ್ತೇವೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ಅದನ್ನು ನೆನಪಿಟ್ಟುಕೊಂಡ ಅಜ್ಜ ಅಜ್ಜಿಯರನ್ನು ಮಾತಾಡಿಸಿ ಬನ್ನಿ. ಒಬ್ಬರು ಬೆಳಿಗ್ಗೆ ಎನ್ನುತ್ತಾರೆ, ಇನ್ನೊಬ್ಬರು ಮಧ್ಯಾಹ್ನ. ಆಗಿದ್ದು ಮಧ್ಯಾಹ್ನದ ಇಳಿಹೊತ್ತು. ಜೀವಂತ ನೆನಪೇ ಇಷ್ಟು ಸರಿಯುವಾಗ ಶಾಸನಕ್ಕೆ ಮಾಹಿತಿ ಕೊಟ್ಟವನನ್ನು ಹೇಗೆ ಓದಬೇಕೆಂದು ಮಕ್ಕಳು ತಾವೇ ಚರ್ಚಿಸುತ್ತಾರೆ.

8. ಗೇಟು ತೆರೆಯುವ ಹೊತ್ತು ಕೇಳಿಕೊಳ್ಳಿ

ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳು ಸಾಮಾನ್ಯವಾಗಿ ತೆರೆಯುವುದು ಸೂರ್ಯೋದಯಕ್ಕೆ. ನಾವು ಅದಕ್ಕೂ ಮೊದಲೇ ಒಳಗಿರಬೇಕು. ತಿಂಗಳುಗಳ ಮುಂಚೆಯೇ ವಲಯ ಕಚೇರಿಗೆ ಪತ್ರ ಬರೆಯಿರಿ. ಟ್ರೈಪಾಡಿಗೂ ಪಡಿಯಚ್ಚಿಗೂ ಅನುಮತಿ ಬೇಕು. ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಹಚ್ಚುವುದನ್ನು ಮೊದಲ ದಿನವೇ ನಿಷೇಧಿಸಿ. ಓರೆಯಾಗಿ ಟಾರ್ಚ್ ಹಿಡಿದರೆ ಅಕ್ಷರ ತಾನೇ ಮೇಲೇಳುತ್ತದೆ. ಮೇಲ್ಮೈಯಲ್ಲಿ ಮಡಕೆಚೂರು ಕಂಡರೆ ಎಲ್ಲಿ ಕಂಡಿತೆಂದು ಬರೆದುಕೊಳ್ಳಿ, ಜೇಬಿಗೆ ಹಾಕಿಕೊಳ್ಳಬೇಡಿ. ಹೆಣ್ಣುಮಕ್ಕಳು ಬೆಳಗಿನ ಜಾವ ಬಯಲಿಗೆ ಬರಬೇಕಾಗುತ್ತದೆ. ಉಳಿಯುವ ಜಾಗ, ಶೌಚಾಲಯ, ವಾಹನ ಮೂರೂ ಖಚಿತವಾಗುವವರೆಗೆ ಪ್ರವಾಸದ ದಿನ ಗೊತ್ತುಮಾಡಬೇಡಿ.

9. ನಿಲುವುಗಲ್ಲುಗಳಿಗೆ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ

ಶಾಸನವಿಲ್ಲದ ಕಾಲಕ್ಕೆ ಹೋದಾಗ ಕೆಲಸ ಕಷ್ಟ. ಹೊಸನಗರದ ಕಡೆಯ ನಿಲಸಕಲ್ಲು, ಬೈಸೆಗಳ ನಿಲುವುಗಲ್ಲುಗಳು ಅಯನದ ಸೂರ್ಯೋದಯ, ಸೂರ್ಯಾಸ್ತಗಳಿಗೆ ಹೊಂದುವ ಬಗ್ಗೆ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತವರ ಸಂಗಡಿಗರು ಬರೆದಿದ್ದಾರೆ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಸಾಲಾಗಿ ಇಟ್ಟ ವಿನ್ಯಾಸವಿದೆ. ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಮೆಡೋಸ್ ಟೇಲರ್ ವರ್ಣಿಸಿದ್ದ, ನಮ್ಮ ಕಾಲದಲ್ಲಿ ಎನ್. ಕಾಮೇಶ್ವರ ರಾವ್ ಅಧ್ಯಯನ ಮಾಡಿದರು. ಈ ಬರಹಗಳನ್ನು ಓದಿಸಿಯೇ ಮಕ್ಕಳನ್ನು ಕರೆದೊಯ್ಯಿರಿ.

ಆದರೆ ಮಲೆನಾಡಿನಲ್ಲಿ ಜೂನ್ 21ಕ್ಕೆ ಮುಂಗಾರು ಹಿಡಿದಿರುತ್ತದೆ, ಸೂರ್ಯೋದಯ ಕಾಣುವುದೇ ಅಪರೂಪ. ನಾವು ಡಿಸೆಂಬರಿನ ಅರ್ಧವನ್ನು ಮಾತ್ರ ಕಣ್ಣಾರೆ ಪರೀಕ್ಷಿಸಬಹುದು, ಉಳಿದರ್ಧ ಅಳತೆ ಮತ್ತು ಲೆಕ್ಕ. ನನ್ನ ವಿದ್ಯಾರ್ಥಿನಿಯೊಬ್ಬಳು, ಅಲ್ಲಿಯದೇ ಊರಿನವಳು, ಇದಕ್ಕಿಂತ ಮುಂದಿನ ಪ್ರಶ್ನೆ ಕೇಳಿದಳು: "ಆ ಕಾಲದವರಿಗಾದರೂ ಜೂನಿನ ಸೂರ್ಯ ಎಷ್ಟು ವರ್ಷಕ್ಕೊಮ್ಮೆ ಕಂಡಿದ್ದ ಸರ್?" ಅಂದಿನ ಮಳೆ ಹೇಗಿತ್ತು, ಸುತ್ತಲಿನ ಕಾಡು ಎಷ್ಟಿತ್ತು ಎಂಬುದೂ ಈಗ ಪುರಾವೆಯ ಭಾಗವಾಯಿತು. ಮಳೆ ನೋಡಿ ಬೆಳೆದವರು ಮಾತ್ರ ಕೇಳಬಲ್ಲ ಪ್ರಶ್ನೆ ಅದು. ಊರಿನ ಮಕ್ಕಳಿಗೆ ಈ ಪತ್ರಿಕೆ ಸಿಗಬೇಕು ಎಂದು ನಾನು ಹಟ ಹಿಡಿಯಲು ಮುಖ್ಯ ಕಾರಣ ಇದು.

ಹಿರೇಬೆಣಕಲ್ಲಿನ ಕಲ್ಲಿನ ಗೋರಿಗಳನ್ನು ಸುತ್ತಲಿನ ಜನ ಮೋರೇರ ಮನೆಗಳೆಂದು ಕರೆಯುತ್ತಾರೆ. ಗುಡ್ಡ ಹತ್ತುವ ಮುಂಚೆ ಕೆಳಗಿನ ಊರಿನ ಹಿರಿಯರ ಹತ್ತಿರ ಕೂತು ಕಥೆ ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಿ. ಯಾವ ಕಲ್ಲು ಯಾವಾಗ ಬಿತ್ತು, ಯಾವುದನ್ನು ಯಾರು ಎತ್ತಿ ನಿಲ್ಲಿಸಿದರು ಎಂಬುದು ಅವರಿಗೆ ಗೊತ್ತಿರುತ್ತದೆ. ಎತ್ತಿ ನಿಲ್ಲಿಸಿದ ಕಲ್ಲಿನ ದಿಕ್ಕನ್ನು ಅಳೆದು ಪ್ರಯೋಜನವಿಲ್ಲ.

10. ಅಂಕವನ್ನು ಅಳತೆಗೆ ಕೊಡಿ, ಆವಿಷ್ಕಾರಕ್ಕೆ ಕೊಡಬೇಡಿ

ಹೊಂದಾಣಿಕೆ ಕಂಡುಹಿಡಿದವರಿಗೆ ಹೆಚ್ಚು ಅಂಕ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಮುಂದಿನ ವರ್ಷದಿಂದ ಎಲ್ಲರಿಗೂ ಹೊಂದಾಣಿಕೆಗಳೇ ಸಿಗುತ್ತವೆ. ನಾವು ಕೊನೆಯ ವರದಿಯನ್ನು ಹೀಗೆ ಅಳೆಯುತ್ತೇವೆ: ಅಳತೆಯನ್ನು ಇನ್ನೊಬ್ಬರು ಮತ್ತೆ ಮಾಡಬಲ್ಲರೇ? ದೋಷದ ಮಿತಿ ಬರೆದಿದೆಯೇ? ಸ್ಥಳದಲ್ಲೇ ಬಿಡಿಸಿದ ಚಿತ್ರವಿದೆಯೇ? ಇತರ ಎರಡು ಶಾಸ್ತ್ರಗಳ ಕಡೆಯಿಂದ ತಮ್ಮದೇ ವಾದಕ್ಕೆ ಎದ್ದ ಆಕ್ಷೇಪವನ್ನು ಪೂರ್ತಿ ಬರೆದಿದ್ದಾರೆಯೇ? "ಈ ಗುಡಿಯ ದಿಕ್ಕಿಗೂ ಸೂರ್ಯನಿಗೂ ನಮಗೆ ಸಂಬಂಧ ಕಾಣಲಿಲ್ಲ" ಎಂದು ಮುಗಿದ ವರದಿಗೆ ನಾವು ಪೂರ್ಣ ಅಂಕ ಕೊಟ್ಟಿದ್ದೇವೆ, ಇನ್ನೂ ಕೊಡುತ್ತೇವೆ.

ವರದಿಯ ಒಂದು ಪ್ರತಿ ಆ ಊರಿನ ಶಾಲೆಗೆ, ಒಂದು ಗ್ರಾಮ ಪಂಚಾಯಿತಿಗೆ ಹೋಗಬೇಕೆಂಬುದು ನಮ್ಮ ನಿಯಮ. ಕನ್ನಡದಲ್ಲಿ, ನಕ್ಷೆ ಮತ್ತು ಚಿತ್ರಗಳೊಂದಿಗೆ, ಅಳತೆ ತೆಗೆದ ದಿನ ಮತ್ತು ಹೊತ್ತು ಬರೆದು, ವಿದ್ಯಾರ್ಥಿಗಳೇ ಕೈಯಾರೆ ಕೊಟ್ಟು ಬರುತ್ತಾರೆ. ರಸ್ತೆ ಅಗಲ ಮಾಡುವಾಗಲೋ ಹೊಲ ಹದ ಮಾಡುವಾಗಲೋ ಒಂದು ಕಲ್ಲು ಪಕ್ಕಕ್ಕೆ ಸರಿದರೆ, ಅದು ಮೊದಲು ಎಲ್ಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು ಎಂದು ಪಂಚಾಯಿತಿಯ ಕಪಾಟಿನಲ್ಲಿರುವ ಆ ಹಾಳೆ ತೋರಿಸುತ್ತದೆ.